ಸೆಲ್ ಮುಗಿದರೂ ಬರೆದದ್ದು ಉಳಿಯಬೇಕು: ಸೈಯಾನ್ ಕೈಗಣಕಗಳ ಇಪ್ಪತ್ತು ವರ್ಷ

ನೋಕಿಯಾ 6600 ಬಳಸಿದವರಿಗೆ ನೆನಪಿರಬಹುದು. ಹಾಡು, ಫೋಟೊ ಹುಡುಕಲು ಬೇರೆ ಫೈಲ್ ಮ್ಯಾನೇಜರ್ ಹಾಕಿಕೊಂಡರೆ ಅದರಲ್ಲಿ ಸಿ, ಇ, ಝಡ್ ಎಂದು ಡ್ರೈವ್‌ಗಳು ಕಾಣುತ್ತಿದ್ದವು. ಸಿ ಫೋನಿನ ಸ್ವಂತ ಜಾಗ, ಇ ಮೆಮೊರಿ ಕಾರ್ಡು. ಝಡ್ ಒಳಗೆ ಇಣುಕಬಹುದಿತ್ತು, ಏನನ್ನೂ ಅಳಿಸಲು ಆಗುತ್ತಿರಲಿಲ್ಲ. ಹೊಸ ಆಟ ಬೇಕೆಂದರೆ ಎಸ್‌ಐಎಸ್ ಎಂಬ ಪ್ರೋಗ್ರಾಂ ಕಟ್ಟಿನ ಫೈಲು ತರಬೇಕಿತ್ತು. ಈ ಏರ್ಪಾಡು ಹುಟ್ಟಿದ್ದು ನೋಕಿಯಾದಲ್ಲಲ್ಲ. ಲಂಡನ್ನಿನ ಸೈಯಾನ್ ಎಂಬ ಚಿಕ್ಕ ಕಂಪನಿ, ಎರಡು ಪೆನ್ಸಿಲ್ ಸೆಲ್ಲಿನಲ್ಲಿ ಓಡುವ ತನ್ನ ಕೈಗಣಕಕ್ಕೆಂದು ಇದನ್ನು ಕಟ್ಟಿಕೊಂಡಿತ್ತು. ಫೋನಿಗೆ ಬಂದದ್ದು ಆಮೇಲೆ.

ಸೈಯಾನ್ ಹೆಸರನ್ನು ಇಂಗ್ಲಿಷಿನಲ್ಲಿ ‘ಪಿ’ಯಿಂದ ಬರೆಯುತ್ತಾರೆ, ಆದರೆ ‘ಪಿ’ಯನ್ನು ಉಚ್ಚರಿಸುವುದಿಲ್ಲ. ಭೌತವಿಜ್ಞಾನಿ ಡೇವಿಡ್ ಪಾಟರ್ 1980ರಲ್ಲಿ ಕಂಪನಿ ಶುರುಮಾಡಿದಾಗ ‘ಪಾಟರ್ ಸೈಂಟಿಫಿಕ್ ಇನ್‌ಸ್ಟ್ರುಮೆಂಟ್ಸ್’ ಎಂಬುದರ ಮೊದಲಕ್ಷರಗಳನ್ನು ತೆಗೆದುಕೊಂಡರು. ಪಿಎಸ್‌ಐ ಎಂಬ ಹೆಸರು ಆಗಲೇ ಬೇರೆಯವರ ಪಾಲಾಗಿತ್ತು, ಹಾಗಾಗಿ ‘ಆರ್ ನಥಿಂಗ್’ ಎಂದು ಸೇರಿಸಿದರು. ಮೊದಲ ನಾಲ್ಕು ವರ್ಷ ಇವರದು ಸಾಫ್ಟ್‌ವೇರ್ ವ್ಯಾಪಾರ. ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್81, ಸ್ಪೆಕ್ಟ್ರಮ್ ಗಣಕಗಳಿಗೆ ವಿಮಾನ ಹಾರಿಸುವ ಆಟ, ಚದುರಂಗ, ಆಮೇಲೆ ಸಿಂಕ್ಲೇರ್ ಕ್ಯೂಎಲ್‌ಗೆ ಕಚೇರಿ ಕೆಲಸದ ನಾಲ್ಕು ಪ್ರೋಗ್ರಾಂ. ಝಡ್‌ಎಕ್ಸ್81ರಲ್ಲಿ ಇದ್ದದ್ದು 1 ಕಿಲೋಬೈಟ್ ರ್‍ಯಾಮ್, ಹೆಚ್ಚುವರಿ ಪೆಟ್ಟಿಗೆ ಸಿಕ್ಕಿಸಿದರೆ 16. ಅಷ್ಟರಲ್ಲೇ ವಿಮಾನ ಹಾರಿಸಿದವರಿಗೆ ಒಂದೊಂದು ಬೈಟಿನ ಬೆಲೆಯೂ ಗೊತ್ತಿತ್ತು. ಮುಂದೆ ಅವರು ಮಾಡಿದ ಪ್ರತಿ ಯಂತ್ರದಲ್ಲೂ ಆ ಅಭ್ಯಾಸ ಕಾಣುತ್ತದೆ.

ಸೈಯಾನ್ ಚರಿತ್ರೆಯನ್ನು ಮಾದರಿಗಳ ಹೆಸರಿನ ಪಟ್ಟಿಯಾಗಿ ಓದಿದರೆ ಕೈಗೆ ಏನೂ ಸಿಗುವುದಿಲ್ಲ. ಒಂದು ಪ್ರಶ್ನೆ ಹಿಡಿದು ಓದಬೇಕು: ಸೆಲ್ ಮುಗಿದಾಗ ಬರೆದಿಟ್ಟದ್ದು ಎಲ್ಲಿರುತ್ತದೆ? ಈ ಪ್ರಶ್ನೆಗೆ ಅವರು ಮೂರು ಸಲ ಮೂರು ಬಗೆಯ ಉತ್ತರ ಕೊಟ್ಟರು. ಯಂತ್ರಗಳ ಆಕಾರ, ಅವುಗಳೊಳಗಿನ ಸಾಫ್ಟ್‌ವೇರು, ಅವು ಕೆಡುವ ರೀತಿ, ಎಲ್ಲವೂ ಆ ಉತ್ತರಗಳಿಂದಲೇ ಬಂದವು.

ಮೊದಲ ಉತ್ತರ: ಅಳಿಸಲಾಗದ ಚಿಪ್ಪು

1984ರ ಆರ್ಗನೈಸರ್ ಅಂಗೈಗಿಂತ ಸ್ವಲ್ಪ ಉದ್ದದ ಇಟ್ಟಿಗೆಯಂಥ ಪೆಟ್ಟಿಗೆ. ಹೊರಕವಚ ಕೆಳಕ್ಕೆ ಜಾರಿಸಿದರೆ 36 ಗುಂಡಿಗಳು, ಅಕ್ಷರಗಳು ಎ, ಬಿ, ಸಿ ಕ್ರಮದಲ್ಲಿ. ಪರದೆಯಲ್ಲಿ ಒಂದೇ ಸಾಲು, 16 ಅಕ್ಷರ. ಒಳಗೆ ಹಿಟಾಚಿ 6301 ಜಾತಿಯ 8 ಬಿಟ್ ಪ್ರೊಸೆಸರ್, ವೇಗ 1 ಮೆಗಾಹರ್ಟ್ಸ್‌ಗಿಂತ ತುಸು ಕಡಿಮೆ, ರ್‍ಯಾಮ್ 2 ಕಿಲೋಬೈಟ್. ಕರೆಂಟಿಗೆ ಒಂದು 9 ವೋಲ್ಟ್ ಚೌಕ ಬ್ಯಾಟರಿ. 2 ಕಿಲೋಬೈಟಿನಲ್ಲಿ ಫೋನ್ ನಂಬರುಗಳ ಡೈರಿ ಇಡಲಾಗದು. ಇಟ್ಟರೂ ಬ್ಯಾಟರಿ ತೆಗೆದೊಡನೆ ಹೋಗಿಬಿಡುತ್ತದೆ. ಅದಕ್ಕೆ ಹಿಂಬದಿಯಲ್ಲಿ ಎರಡು ಗೂಡು, ಅವುಗಳಿಗೆ ಸಿಕ್ಕಿಸಲು ‘ಡೇಟಾಪ್ಯಾಕ್’ ಎಂಬ ಬೆಂಕಿಪೊಟ್ಟಣದಂಥ ತುಂಡು. ಒಂದೊಂದರಲ್ಲಿ 8 ಅಥವಾ 16 ಕಿಲೋಬೈಟಿನ ಇಪ್ರಾಮ್ ಚಿಪ್ಪು.

ಇಪ್ರಾಮ್ ಕೆಲಸ ಮಾಡುವ ಬಗೆ ತಿಳಿದರೆ ಮುಂದಿನದೆಲ್ಲ ಸುಲಭ. ಅದರ ಪ್ರತಿ ಬಿಟ್ಟಿಗೂ ಸುತ್ತ ಗಾಜಿನಂಥ ನಿರೋಧಕ ಪದರದಲ್ಲಿ ಹುದುಗಿದ ಪುಟ್ಟ ಲೋಹದಂಥ ದ್ವೀಪ ಒಂದಿರುತ್ತದೆ. ಖಾಲಿ ದ್ವೀಪ ಎಂದರೆ 1. ಇಪ್ಪತ್ತು ವೋಲ್ಟ್ ಆಸುಪಾಸಿನ ಒತ್ತಡ ಕೊಟ್ಟು ಎಲೆಕ್ಟ್ರಾನುಗಳನ್ನು ಒಳಗೆ ನೂಕಿದರೆ 0. ನೂಕಿದ ಎಲೆಕ್ಟ್ರಾನುಗಳು ಹೊರಬರಲು ದಾರಿಯಿಲ್ಲ, ಹಾಗಾಗಿ ಬ್ಯಾಟರಿ ಇಲ್ಲದಿದ್ದರೂ ದಶಕಗಟ್ಟಲೆ ಅಲ್ಲೇ ಇರುತ್ತವೆ. ಹೊರಹಾಕಬೇಕೆಂದರೆ ಚಿಪ್ಪಿನ ಗಾಜಿನ ಕಿಟಕಿಯ ಮೂಲಕ ನೇರಳಾತೀತ ಬೆಳಕು ಬಿಡಬೇಕು, ಆಗ ಇಡೀ ಚಿಪ್ಪು ಒಟ್ಟಿಗೆ ಖಾಲಿಯಾಗುತ್ತದೆ. 1 ಇದ್ದದ್ದನ್ನು ಯಾವಾಗ ಬೇಕಾದರೂ 0 ಮಾಡಬಹುದು. 0 ಇದ್ದದ್ದನ್ನು ಒಂಟಿಯಾಗಿ 1 ಮಾಡಲು ಬರುವುದಿಲ್ಲ.

ಹಾಗಾದರೆ ಒಬ್ಬರ ಫೋನ್ ನಂಬರು ಬದಲಾದರೆ ಏನು ಮಾಡುವುದು? ಸೈಯಾನ್‌ನವರು ಮಾಡಿದ್ದನ್ನು ಬಿಟ್ಟುಗಳ ಮಟ್ಟದಲ್ಲೇ ನೋಡಬೇಕು. ಪ್ಯಾಕಿನಲ್ಲಿ ಪ್ರತಿ ದಾಖಲೆಯೂ ಒಂದು ಉದ್ದದ ಬೈಟು, ಒಂದು ಜಾತಿಯ ಬೈಟು, ಆಮೇಲೆ ವಿಷಯ, ಹೀಗೆ ಕೂತಿರುತ್ತದೆ. ಮುಖ್ಯ ಡೈರಿಯ ದಾಖಲೆಗೆ ಜಾತಿಯ ಬೈಟು 10010000. ಅಳಿಸು ಎಂದರೆ ಯಂತ್ರ ಎಡತುದಿಯ ಆ 1ನ್ನು ಮಾತ್ರ ಕೆಡವುತ್ತದೆ, 00010000 ಆಗುತ್ತದೆ. ಓದುವಾಗ ಎಡತುದಿಯಲ್ಲಿ 0 ಕಂಡರೆ ಆ ದಾಖಲೆಯನ್ನು ದಾಟಿ ಮುಂದಕ್ಕೆ ಹೋಗುತ್ತದೆ. ತಿದ್ದಿದ ನಂಬರು ಹೊಸ ದಾಖಲೆಯಾಗಿ ಕೊನೆಗೆ ಸೇರುತ್ತದೆ. ಬರೆದದ್ದು ಎಲ್ಲಿ ಮುಗಿಯಿತೆಂದು ತಿಳಿಯಲು ಬೇರೆ ಗುರುತೂ ಬೇಡ: ಉದ್ದದ ಬೈಟು ಇರಬೇಕಾದ ಕಡೆ ಎಂಟೂ ಬಿಟ್ 1 ಆಗಿದ್ದರೆ ಅಲ್ಲಿಂದ ಮುಂದೆ ಖಾಲಿ. ಅಳಿಸಲಾಗದ ಚಿಪ್ಪಿನ ಮೇಲೆ ಅಳಿಸುವ ಡೈರಿ ಕಟ್ಟಿದ ಈ ಉಪಾಯ ಎಷ್ಟು ಸಲ ನೋಡಿದರೂ ಅಚ್ಚುಕಟ್ಟು ಅನ್ನಿಸುತ್ತದೆ.

ಆದರೆ ಜಾಗ ವಾಪಸು ಬರುವುದಿಲ್ಲ. ಒಂದು ದಾಖಲೆಗೆ 40 ಅಕ್ಷರವೆಂದಿಟ್ಟರೆ ತಲೆಯ ಎರಡು ಬೈಟು ಸೇರಿ 42. 16 ಕಿಲೋಬೈಟಿನ ಪ್ಯಾಕಿನಲ್ಲಿ ಹೆಚ್ಚೆಂದರೆ 390 ದಾಖಲೆ ಹಿಡಿಯುತ್ತದೆ. ಒಂದೇ ನಂಬರನ್ನು ಹತ್ತು ಸಲ ತಿದ್ದಿದರೆ ಹತ್ತು ದಾಖಲೆಯಷ್ಟು ಜಾಗ ಹೋಯಿತು. ಪ್ಯಾಕ್ ತುಂಬಿದಾಗ ಜೀವಂತ ದಾಖಲೆಗಳನ್ನಷ್ಟೇ ಎರಡನೆಯ ಗೂಡಿನ ಹೊಸ ಪ್ಯಾಕಿಗೆ ನಕಲು ಮಾಡಿ, ಹಳೆಯದನ್ನು ‘ಫಾರ್ಮ್ಯಾಟರ್’ ಎಂಬ ನೇರಳಾತೀತ ದೀಪದ ಪೆಟ್ಟಿಗೆಯಲ್ಲಿ ಇಡಬೇಕು. ಈ ಜಾತಿಯ ಚಿಪ್ಪು ಖಾಲಿಯಾಗಲು ಸಾಮಾನ್ಯವಾಗಿ 15ರಿಂದ 20 ನಿಮಿಷ ಬೇಕು. ಗೂಡುಗಳು ಎರಡಿರುವುದು ಈ ನಕಲಿಗೆ ಅನುಕೂಲವಾಯಿತು.

ತೊಂದರೆಗಳೂ ಇಲ್ಲಿಂದಲೇ ಹುಟ್ಟಿದವು. 9 ವೋಲ್ಟಿನ ಬ್ಯಾಟರಿಯಿಂದ ಇಪ್ಪತ್ತು ವೋಲ್ಟ್ ಎತ್ತಿಕೊಂಡು ಬರೆಯುವಾಗ ಕರೆಂಟು ಹೆಚ್ಚು ಎಳೆಯುತ್ತದೆ. ವೀಕ್ ಆದ ಬ್ಯಾಟರಿಯಲ್ಲಿ ಡೈರಿ ಓದಲು ಬರುತ್ತದೆ, ಉಳಿಸಲು ಹೋದರೆ ಯಂತ್ರ ಒಪ್ಪುವುದಿಲ್ಲ. ಕಿಟಕಿ ತೆರೆದಿಟ್ಟ ಇಪ್ರಾಮ್ ನೇರ ಬಿಸಿಲಿನಲ್ಲಿ ವಾರದೊಳಗೆ, ಟ್ಯೂಬ್‌ಲೈಟಿನ ಕೆಳಗೆ ವರ್ಷಗಳಲ್ಲಿ ತಾನೇ ಅಳಿಯಬಹುದು. ಹಳೆಯ ಪ್ಯಾಕ್ ಸಿಕ್ಕರೆ ಕಿಟಕಿ ಮುಚ್ಚಿ ಕತ್ತಲಲ್ಲಿಡಿ ಎಂದು ಹೇಳುವುದು ಇದಕ್ಕೇ.

1986ರ ಆರ್ಗನೈಸರ್ 2 ಇದೇ ಉಪಾಯದ ಬಲಿತ ರೂಪ. ಪರದೆ ಎರಡು ಸಾಲಾಯಿತು, 1989ರ ಎಲ್‌ಝಡ್ ಮಾದರಿಯಲ್ಲಿ ನಾಲ್ಕು ಸಾಲು. ಮೇಲ್ತುದಿಯಲ್ಲಿ ಇನ್ನೊಂದು ಗೂಡು ಬಂತು: ಬಾರ್‌ಕೋಡ್ ಓದುವ ಪೆನ್ನು, ಕಾರ್ಡು ಉಜ್ಜುವ ಪಟ್ಟಿ, ದೊಡ್ಡ ಗಣಕಕ್ಕೆ ಜೋಡಿಸುವ ಕೇಬಲ್ಲು, ಎಲ್ಲ ಅಲ್ಲಿಗೇ. ಜೊತೆಗೆ ಒಪಿಎಲ್ ಎಂಬ ಸರಳ ಪ್ರೋಗ್ರಾಮಿಂಗ್ ಭಾಷೆ ಯಂತ್ರದೊಳಗೇ ಇತ್ತು. ಅಂಗಡಿಯ ಲೆಕ್ಕಕ್ಕೆ ಹತ್ತು ಸಾಲಿನ ಪ್ರೋಗ್ರಾಂ ಬೇಕೆಂದರೆ ಬೇರೆ ಗಣಕ ಬೇಕಿರಲಿಲ್ಲ, ಆ ಗುಂಡಿಗಳಲ್ಲೇ ಒತ್ತಿ, ಅಲ್ಲೇ ಓಡಿಸಬಹುದಿತ್ತು. ಬ್ರಿಟನ್ನಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಮಳಿಗೆಗಳವರು ಇದನ್ನು ಕೆಲಸಕ್ಕೆ ತೆಗೆದುಕೊಂಡರು. ಕಂಪನಿಯನ್ನು ನಿಲ್ಲಿಸಿದ ಯಂತ್ರ ಇದೇ.

ಎರಡನೆಯ ಉತ್ತರ: ರ್‍ಯಾಮ್ ಎಂದೂ ಆರಬಾರದು

1989ರಲ್ಲಿ ಸೈಯಾನ್ ಲ್ಯಾಪ್‌ಟಾಪಿಗೆ ಕೈಹಾಕಿತು. ಎಂಸಿ400 ಎಂಟು ಪೆನ್ಸಿಲ್ ಸೆಲ್ಲಿನಲ್ಲಿ ಓಡುತ್ತಿತ್ತು, ಹಾರ್ಡ್‌ಡಿಸ್ಕ್ ಇರಲಿಲ್ಲ, ಬದಲಿಗೆ ನಾಲ್ಕು ಮೆಮೊರಿ ಕಾರ್ಡಿನ ಗೂಡು. ಕೀಬೋರ್ಡಿನ ಮೇಲುಗಡೆ ಬೆರಳಾಡಿಸುವ ಪಟ್ಟಿಯೂ ಇತ್ತು. ಬಿಕರಿಯಾಗಲಿಲ್ಲ. ಆದರೆ ಅದಕ್ಕೆಂದು ಹೊಸದಾಗಿ ಬರೆದ 16 ಬಿಟ್ಟಿನ ಕಾರ್ಯಾಚರಣಾ ವ್ಯವಸ್ಥೆ ‘ಇಪಾಕ್’ ಕೈಯಲ್ಲಿ ಉಳಿಯಿತು. ಅದನ್ನು ಕನ್ನಡಕದ ಡಬ್ಬಿಯಷ್ಟು ಗಾತ್ರಕ್ಕೆ ಇಳಿಸಿದ್ದೇ 1991ರ ಸೀರೀಸ್ 3.

ಸೀರೀಸ್ 3ರ ಆಕಾರವನ್ನು ಸೆಲ್ಲುಗಳೇ ನಿರ್ಧರಿಸಿವೆ. ಎರಡು ಪೆನ್ಸಿಲ್ ಸೆಲ್ ಉದ್ದಕ್ಕೆ ಒಂದರ ಹಿಂದೊಂದು ಮಲಗಿಸಿದರೆ 10 ಸೆಂಟಿಮೀಟರ್. ಆ ಕೊಳವೆಯನ್ನು ಬಿಜಾಗರಿಯ ಜಾಗದಲ್ಲೇ ಇಟ್ಟು, ಒಂದು ಕಡೆ ಪರದೆ, ಇನ್ನೊಂದು ಕಡೆ ಕೀಬೋರ್ಡ್ ಮಡಚಿದರು. ಮುಚ್ಚಿದಾಗ 165 ಮಿಲಿಮೀಟರ್ ಉದ್ದ, 85 ಅಗಲ, 22 ದಪ್ಪ. ಪ್ರೊಸೆಸರ್ ಎನ್‌ಇಸಿ ವಿ30ಎಚ್, 3.84 ಮೆಗಾಹರ್ಟ್ಸ್. ರ್‍ಯಾಮ್ 128 ಅಥವಾ 256 ಕಿಲೋಬೈಟ್. ಪರದೆ ಅಡ್ಡಕ್ಕೆ 240, ಉದ್ದಕ್ಕೆ 80 ಚುಕ್ಕಿ.

ಈ ಸಲದ ಉತ್ತರ ಬೇರೆ. ಪ್ರೋಗ್ರಾಮುಗಳೆಲ್ಲ ರಾಮ್‌ನಲ್ಲಿ, ಅಂದರೆ ಕಾರ್ಖಾನೆಯಲ್ಲೇ ಅಚ್ಚಾದ, ಓದಲು ಮಾತ್ರ ಬರುವ ಚಿಪ್ಪಿನಲ್ಲಿ (ROM, ರ್‍ಯಾಮ್ ಅಲ್ಲ) ಇರುತ್ತವೆ, ಅಲ್ಲಿದ್ದಲ್ಲೇ ಓಡುತ್ತವೆ. ಹಾಗಾಗಿ ರ್‍ಯಾಮ್ ಪೂರ್ತಿ ಬಳಕೆದಾರರ ಫೈಲುಗಳಿಗೂ ನಡೆಯುತ್ತಿರುವ ಕೆಲಸಕ್ಕೂ ಮೀಸಲು. ಆಫ್ ಒತ್ತಿದರೆ ಯಂತ್ರ ನಿಜವಾಗಿ ಆಫ್ ಆಗುವುದಿಲ್ಲ. ಪರದೆ, ಪ್ರೊಸೆಸರ್ ನಿಲ್ಲುತ್ತವೆ, ರ್‍ಯಾಮಿಗೆ ಹನಿಹನಿಯಾಗಿ ಕರೆಂಟು ಹರಿಯುತ್ತಲೇ ಇರುತ್ತದೆ. ಮತ್ತೆ ಆನ್ ಒತ್ತಿದರೆ ಅರ್ಧ ಬರೆದ ಪದದ ಪಕ್ಕದಲ್ಲೇ ಕರ್ಸರ್ ಮಿನುಗುತ್ತಿರುತ್ತದೆ. ಕಾಯುವ ಕೆಲಸವಿಲ್ಲ. ಪೆನ್ಸಿಲ್ ಸೆಲ್ ಬದಲಿಸುವ ಹೊತ್ತಿನಲ್ಲಿ ರ್‍ಯಾಮ್ ಆರದಿರಲಿ ಎಂದು ಒಂದು ಗುಂಡು ಲಿಥಿಯಂ ಸೆಲ್ ಬೇರೆ ಇಟ್ಟರು: ಸೀರೀಸ್ 3ರಲ್ಲಿ ಸಿಆರ್1620, ಆಮೇಲಿನ ಸೀರೀಸ್ 5ರಲ್ಲಿ ಸಿಆರ್2032.

ಎರಡು ಸೆಲ್ಲಿನಲ್ಲಿ ವಾರಗಟ್ಟಲೆ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಒಳ್ಳೆಯ ಆಲ್ಕಲೈನ್ ಪೆನ್ಸಿಲ್ ಸೆಲ್ಲಿನಲ್ಲಿ ಸುಮಾರು 2500 ಮಿಲಿಆಂಪ್-ಗಂಟೆ ಇದೆ ಎಂದಿಟ್ಟುಕೊಳ್ಳಿ. ಯಂತ್ರ ಸರಾಸರಿ 100 ಮಿಲಿಆಂಪ್ ಎಳೆದರೆ 25 ಗಂಟೆ, 50 ಎಳೆದರೆ 50 ಗಂಟೆ. ದಿನಕ್ಕೆ ಒಂದು ಗಂಟೆ ಬಳಸುವವರಿಗೆ ಅದೇ ತಿಂಗಳಿನ ಲೆಕ್ಕ. ಎಳೆತ ತಗ್ಗಿಸಿದ್ದು ಪ್ರೊಸೆಸರನ್ನು ಮಲಗಿಸುವುದರಿಂದ. ಮನುಷ್ಯ ಎಷ್ಟೇ ಬೇಗ ಟೈಪ್ ಮಾಡಿದರೂ ಎರಡು ಗುಂಡಿಗಳ ನಡುವೆ ಪ್ರೊಸೆಸರಿಗೆ ಲಕ್ಷಾಂತರ ಮಿಡಿತಗಳ ಬಿಡುವು ಸಿಗುತ್ತದೆ. ಇಪಾಕ್‌ನಲ್ಲಿ ಯಾವ ಪ್ರೋಗ್ರಾಮಿಗೂ ಕೆಲಸವಿಲ್ಲದಾಗ ವ್ಯವಸ್ಥೆಯೇ ಪ್ರೊಸೆಸರನ್ನು ನಿಲ್ಲಿಸುತ್ತದೆ, ಗುಂಡಿ ಒತ್ತಿದಾಗ ಎಬ್ಬಿಸುತ್ತದೆ. ‘ಗುಂಡಿ ಒತ್ತಿದರಾ, ಒತ್ತಿದರಾ’ ಎಂದು ಸುತ್ತುತ್ತಾ ಕೇಳುವ ಪ್ರೋಗ್ರಾಂ ಬರೆದರೆ ಸೆಲ್ ಕಣ್ಣೆದುರೇ ಕರಗುತ್ತಿತ್ತು. ಹಾಗಾಗಿ ಸೈಯಾನ್‌ಗೆ ಪ್ರೋಗ್ರಾಂ ಬರೆಯುವವರು ಮೊದಲು ಕಲಿಯುತ್ತಿದ್ದದ್ದು ಸುಮ್ಮನೆ ಕಾಯುವುದನ್ನು.

1993ರ ಸೀರೀಸ್ 3ಎ ಈ ಸಾಲಿನ ಅತ್ಯುತ್ತಮ ಯಂತ್ರ ಎಂದೇ ಹೇಳಬೇಕು. ಪರದೆ ಅಡ್ಡಕ್ಕೂ ಉದ್ದಕ್ಕೂ ಇಮ್ಮಡಿಯಾಗಿ 480×160 ಚುಕ್ಕಿ, ವೇಗ 7.68 ಮೆಗಾಹರ್ಟ್ಸ್, ಧ್ವನಿ ಮುದ್ರಿಸುವ ಮೈಕು. ಪರದೆಯ ಕೆಳಗಿನ ಸಾಲಿನಲ್ಲಿ ಡೈರಿ, ವರ್ಡ್, ಅಜೆಂಡಾ, ಲೆಕ್ಕದ ಹಾಳೆ, ಒಂದೊಂದಕ್ಕೆ ಒಂದೊಂದು ಗುಂಡಿ. ಒಂದರಿಂದ ಒಂದಕ್ಕೆ ಹಾರಿದರೂ ಹಿಂದಿನದು ಮುಚ್ಚುತ್ತಿರಲಿಲ್ಲ. 1996ರಲ್ಲಿ 3ಸಿ ಮತ್ತು ಚಿಕ್ಕ ಸಿಯೆನಾ, 1998ರಲ್ಲಿ 27.68 ಮೆಗಾಹರ್ಟ್ಸಿನ 3ಎಂಎಕ್ಸ್ ಬಂದವು. ಕೈಗಾರಿಕೆಗೆಂದು ವರ್ಕ್‌ಅಬೌಟ್ ಎಂಬ ಗಟ್ಟಿ ಮಾದರಿಯೂ ಇತ್ತು.

ಇವುಗಳ ಮೆಮೊರಿ ಕಾರ್ಡನ್ನು ಎಸ್‌ಎಸ್‌ಡಿ ಎನ್ನುತ್ತಿದ್ದರು. ಫ್ಲ್ಯಾಶ್ ಎಸ್‌ಎಸ್‌ಡಿಯಲ್ಲಿ ಹಳೆಯ ಡೇಟಾಪ್ಯಾಕಿನ ಸಮಸ್ಯೆಯೇ ಮತ್ತೆ ಬಂತು. ಫೈಲು ಅಳಿಸಿದರೂ ಜಾಗ ಸಿಗದು, ಸಿಗಬೇಕಾದರೆ ಎಲ್ಲವನ್ನೂ ಬೇರೆಡೆ ನಕಲು ಮಾಡಿ ಇಡೀ ಕಾರ್ಡು ಫಾರ್ಮ್ಯಾಟ್ ಮಾಡಬೇಕು. ದಿನಾ ತಿದ್ದುವ ಫೈಲನ್ನು ಒಳಗಿನ ರ್‍ಯಾಮಿನಲ್ಲಿಟ್ಟು, ಮುಗಿದ ಕೆಲಸವನ್ನು ಮಾತ್ರ ಫ್ಲ್ಯಾಶ್ ಕಾರ್ಡಿಗೆ ಹಾಕುವುದು ಬಲ್ಲವರ ರೂಢಿ.

ಮೂರನೆಯ ಉತ್ತರ ಸಾಫ್ಟ್‌ವೇರಿನದು

1997ರ ಸೀರೀಸ್ 5ಕ್ಕೆ ಹಳೆಯದೇನನ್ನೂ ಇಟ್ಟುಕೊಳ್ಳಲಿಲ್ಲ. 18 ಮೆಗಾಹರ್ಟ್ಸಿನ ಎಆರ್‌ಎಂ ಪ್ರೊಸೆಸರ್, 4 ಅಥವಾ 8 ಮೆಗಾಬೈಟ್ ರ್‍ಯಾಮ್, 640×240 ಚುಕ್ಕಿಯ ಮುಟ್ಟುವ ಪರದೆ, ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡಿನ ಗೂಡು. ಪೆನ್ಸಿಲ್ ಸೆಲ್ ಮಾತ್ರ ಎರಡೇ. ವಿನ್ಯಾಸಕಾರ ಮಾರ್ಟಿನ್ ರಿಡ್ಡಿಫೋರ್ಡ್ ಮಾಡಿದ ಬಿಜಾಗರಿ ಇಂದಿಗೂ ಮಾತಿಗೆ ಬರುತ್ತದೆ. ಮುಚ್ಚಳ ಎತ್ತುತ್ತಿದ್ದಂತೆ ಕೀಬೋರ್ಡು ತಾನೇ ಮುಂದಕ್ಕೆ ಜಾರುತ್ತದೆ, ಪರದೆ ಹಿಂದಕ್ಕೆ ಒರಗುತ್ತದೆ. ಕಡ್ಡಿಯಿಂದ ಪರದೆ ಒತ್ತಿದರೆ ಯಂತ್ರ ಹಿಂದಕ್ಕೆ ಮಗುಚುವುದಿಲ್ಲ. ಮಡಚಿದರೆ 170 ಮಿಲಿಮೀಟರ್ ಉದ್ದದ ಡಬ್ಬಿ, ಬಿಚ್ಚಿದರೆ ಎರಡು ಕೈಯ ಬೆರಳೂ ಆಡುವಷ್ಟು ಕೀಬೋರ್ಡ್.

ಒಳಗಿನ ಇಪಾಕ್32 ಪೂರ್ತಿ ಹೊಸದಾಗಿ ಸಿ++ ಭಾಷೆಯಲ್ಲಿ ಬರೆದದ್ದು. ಸಿ ಡ್ರೈವ್ ರ್‍ಯಾಮ್, ಡಿ ಡ್ರೈವ್ ಕಾರ್ಡು (ನೋಕಿಯಾ ಫೋನಿನಲ್ಲಿ ಅದು ಇ ಆಯಿತು), ಝಡ್ ಡ್ರೈವ್ ರಾಮ್, ಎಸ್‌ಐಎಸ್ ಫೈಲು, ಎಲ್ಲ ಇಲ್ಲಿಂದಲೇ ಫೋನಿಗೆ ಹೋದವು.

ಇದನ್ನು ಬರೆದವರ ಮುಂದಿದ್ದ ಕಷ್ಟ ಹೀಗಿತ್ತು. ಮೇಜಿನ ಗಣಕ ದಿನಕ್ಕೊಮ್ಮೆ ಆರುತ್ತದೆ. ಯಾವುದೋ ಪ್ರೋಗ್ರಾಂ ಮೆಮೊರಿ ತೆಗೆದುಕೊಂಡು ಹಿಂದಿರುಗಿಸುವುದು ಮರೆತರೂ ಮರುದಿನ ಎಲ್ಲ ಸ್ವಚ್ಛ. ಸೀರೀಸ್ 5 ಎಂದೂ ಆರುವುದಿಲ್ಲ, ತಿಂಗಳುಗಟ್ಟಲೆ ಅದೇ ರ್‍ಯಾಮ್. ಬಳಕೆದಾರರ ಫೈಲುಗಳೂ ಅದರಲ್ಲೇ. ಗಂಟೆಗೆ 100 ಬೈಟ್ ಸೋರಿದರೂ ದಿನಕ್ಕೆ 2400, ಎರಡು ತಿಂಗಳಿಗೆ ಸುಮಾರು 140 ಕಿಲೋಬೈಟ್. ಅಷ್ಟು ಜಾಗವನ್ನು ಯಾರೂ ಬಳಸದೆ, ಯಾರಿಗೂ ಸಿಗದಂತೆ ಮಾಡಿದ ಹಾಗೆ. ರೀಸೆಟ್ ಮಾಡಿ ಎಂದು ಹೇಳುವ ಹಾಗೂ ಇಲ್ಲ. ಗಟ್ಟಿ ರೀಸೆಟ್ ಮಾಡಿದರೆ ಸಿ ಡ್ರೈವಿನ ಫೈಲುಗಳೇ ಹೋಗುತ್ತವೆ.

ಅದಕ್ಕೆ ಅವರು ‘ಕ್ಲೀನಪ್ ಸ್ಟ್ಯಾಕ್’ ಎಂಬ ಶಿಸ್ತು ತಂದರು. ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ನೆಟ್ಟಗೆ ನಿಂತ ಮೊಳೆ ನೆನಪಿಸಿಕೊಳ್ಳಿ. ಉದ್ದರಿ ಕೊಟ್ಟಾಗಲೆಲ್ಲ ಒಂದು ಚೀಟಿ ಬರೆದು ಮೊಳೆಗೆ ಚುಚ್ಚುತ್ತಾರೆ, ದುಡ್ಡು ಬಂದಾಗ ಕೀಳುತ್ತಾರೆ. ಪ್ರೋಗ್ರಾಂ ಕೂಡ ಮೆಮೊರಿ ತೆಗೆದುಕೊಂಡೊಡನೆ ಒಂದು ಚೀಟಿ ಚುಚ್ಚಬೇಕು, ಕೆಲಸ ಮುಗಿದು ಹಿಂದಿರುಗಿಸಿದಾಗ ಕಿತ್ತು ಹಾಕಬೇಕು. ನಡುವೆ ಎಲ್ಲೋ ಜಾಗ ಸಾಲದೆ ಕೆಲಸ ಮುರಿದುಬಿದ್ದರೆ, ಇದನ್ನು ಇಪಾಕ್‌ನಲ್ಲಿ ‘ಲೀವ್’ ಎನ್ನುತ್ತಾರೆ, ವ್ಯವಸ್ಥೆ ಮೊಳೆಯ ತುತ್ತತುದಿಯ ಚೀಟಿಯಿಂದ ಶುರುಮಾಡಿ, ಕೆಲಸ ಎಲ್ಲಿ ಆರಂಭವಾಗಿತ್ತೋ ಆ ಗುರುತಿನವರೆಗೆ ಒಂದೊಂದೇ ಕಿತ್ತು, ಅದರಲ್ಲಿ ಬರೆದ ಮೆಮೊರಿಯನ್ನು ವಾಪಸು ಪಡೆಯುತ್ತದೆ. ಬಳಕೆದಾರರಿಗೆ ಕಾಣುವುದು ‘ಜಾಗ ಸಾಲದು’ ಎಂಬ ಸಂದೇಶ ಮಾತ್ರ. ಬರೆದ ಪತ್ರ ಹಾಗೇ ಇರುತ್ತದೆ.

ಇದನ್ನು ಪರೀಕ್ಷಿಸುತ್ತಿದ್ದ ರೀತಿ ಇನ್ನೂ ಗಟ್ಟಿ. ಮೆಮೊರಿ ಕೇಳಿದ ಮೊದಲನೆಯ ಸಲವೇ ಬೇಕೆಂದೇ ಇಲ್ಲ ಎನ್ನುವುದು, ಪ್ರೋಗ್ರಾಂ ತಡೆದುಕೊಳ್ಳುತ್ತದೆಯೇ ನೋಡುವುದು. ಆಮೇಲೆ ಎರಡನೆಯ ಸಲ, ಮೂರನೆಯ ಸಲ, ಹೀಗೆ ಒಂದೊಂದು ಹಂತದಲ್ಲೂ ಕೆಡವಿ ಕೊನೆಗೆ ಬಾಕಿ ಎಷ್ಟು ಉಳಿಯಿತೆಂದು ಎಣಿಸುವುದು. ಒಂದು ಬೈಟ್ ಹೆಚ್ಚುಕಡಿಮೆಯಾದರೂ ಪರೀಕ್ಷೆ ಅಲ್ಲೇ ನಿಲ್ಲುತ್ತದೆ. ಜೊತೆಗೆ ‘ಡಿಸ್ಕ್ರಿಪ್ಟರ್’ ಇತ್ತು. ಸಾಮಾನ್ಯ ಸಿ ಭಾಷೆಯಲ್ಲಿ ಅಕ್ಷರಮಾಲೆ ಎಲ್ಲಿ ಮುಗಿಯುತ್ತದೆಂದು ತಿಳಿಯಲು ಸೊನ್ನೆ ಸಿಗುವವರೆಗೆ ನಡೆಯಬೇಕು, ಸೊನ್ನೆ ಕಳೆದುಹೋದರೆ ಪಕ್ಕದವರ ಮೆಮೊರಿಗೆ ನುಗ್ಗಿದಂತೆ. ಡಿಸ್ಕ್ರಿಪ್ಟರ್ ತನ್ನ ಉದ್ದವನ್ನು ತಾನೇ ಹೊತ್ತಿರುತ್ತದೆ, ಮೀರಿ ಬರೆಯಲು ಹೋದರೆ ಅಲ್ಲೇ ತಡೆಯುತ್ತದೆ. ಕಲಿಯುವವರಿಗೆ ಇದೆಲ್ಲ ದೊಡ್ಡ ತಲೆನೋವಾಗಿತ್ತು, ಮುಂದೆ ಇದೇ ವ್ಯವಸ್ಥೆ ಸಿಂಬಿಯಾನ್ ಎಂಬ ಹೆಸರಿನಲ್ಲಿ ಫೋನಿಗೆ ಹೋದ ಮೇಲೆ ಹಿಂದೆ ಬೀಳಲು ಇದೂ ಒಂದು ಕಾರಣ. ಆದರೆ ಆ ಕಾಲದ ಆ ಯಂತ್ರಕ್ಕೆ ಅದು ಸರಿಯಾದ ದಾರಿಯೇ ಆಗಿತ್ತು.

ಡಿಸ್ಕ್ರಿಪ್ಟರಿನಲ್ಲಿ ಇನ್ನೊಂದು ದೂರದೃಷ್ಟಿ ಇತ್ತು. ಅದೇ ಕೋಡನ್ನು 8 ಬಿಟ್ ಅಕ್ಷರಕ್ಕೂ 16 ಬಿಟ್ ಅಕ್ಷರಕ್ಕೂ ಸಿದ್ಧಪಡಿಸಬಹುದಿತ್ತು. 8 ಬಿಟ್ಟಿನಲ್ಲಿ 256 ಗುರುತುಗಳಷ್ಟೇ, ಯುರೋಪಿನ ಲಿಪಿಗೆ ಸಾಕು. 16 ಬಿಟ್ಟಿನ ಯುನಿಕೋಡ್ ರೂಪ ಬಂದ ಮೇಲೆ ಕನ್ನಡದಂಥ ಲಿಪಿಗಳ ಅಕ್ಷರಗಳನ್ನೂ ಒಳಗೆ ಹಿಡಿದಿಡಲು ಜಾಗವಾಯಿತು. ಪರದೆಯ ಮೇಲೆ ಒತ್ತಕ್ಷರ ಸರಿಯಾಗಿ ಮೂಡಿಸುವುದು ಬೇರೆಯದೇ ಕೆಲಸ, ಆದರೆ ಅಡಿಪಾಯ ಅದು.

1998ರ ಜೂನ್‌ನಲ್ಲಿ ಸೈಯಾನ್, ನೋಕಿಯಾ, ಎರಿಕ್ಸನ್ ಸೇರಿ ಸಿಂಬಿಯಾನ್ ಕಂಪನಿ ಕಟ್ಟಿದವು, ಮೋಟೊರೋಲಾ ಬೆನ್ನಿಗೇ ಸೇರಿತು. ಇಪಾಕ್32 ಸಿಂಬಿಯಾನ್ ಪಾಲಾಯಿತು. 2000ದಲ್ಲಿ ಎರಿಕ್ಸನ್ ಆರ್380, ಆಮೇಲೆ ನೋಕಿಯಾ 9210, 2002ರಲ್ಲಿ 7650, 2003ರಲ್ಲಿ 6600 ಫೋನುಗಳು ಅದರ ಮೇಲೆ ಬಂದವು. ಸಿಂಬಿಯಾನ್ ಮುಂದೆ ಬೆಂಗಳೂರಿನಲ್ಲೂ ಅಭಿವೃದ್ಧಿ ಕಚೇರಿ ತೆರೆಯಿತು. ಎರಡು ಪೆನ್ಸಿಲ್ ಸೆಲ್ಲಿಗೆಂದು ಹುಟ್ಟಿದ ಲೀವ್, ಕ್ಲೀನಪ್ ಸ್ಟ್ಯಾಕ್ ಇವನ್ನೇ ಇಲ್ಲಿನ ಎಂಜಿನಿಯರುಗಳೂ ಕಲಿತು ಬಳಸಿದರು.

ಸೈಯಾನ್‌ನ ಸ್ವಂತ ಯಂತ್ರಗಳ ಗತಿ ಬೇರೆಯಾಯಿತು. 1999ರಲ್ಲಿ 16 ಮೆಗಾಬೈಟಿನ 5ಎಂಎಕ್ಸ್, ಜೇಬಿಗೆ ಹಗುರವಾದ ರೆವೊ, ಬಣ್ಣದ ಪರದೆಯ ಸೀರೀಸ್ 7 ಮತ್ತು ನೆಟ್‌ಬುಕ್ ಬಂದವು. (ಹತ್ತು ವರ್ಷದ ಬಳಿಕ ಚಿಕ್ಕ ಲ್ಯಾಪ್‌ಟಾಪುಗಳಿಗೆಲ್ಲ ‘ನೆಟ್‌ಬುಕ್’ ಹೆಸರು ಅಂಟಿದಾಗ ಟ್ರೇಡ್‌ಮಾರ್ಕ್ ತಕರಾರು ಎದ್ದದ್ದು ಈ ಯಂತ್ರದ ಹೆಸರಿಗಾಗಿಯೇ. 2009ರಲ್ಲಿ ರಾಜಿಯಾಯಿತು.) ಅಷ್ಟರಲ್ಲಿ 1996ರಿಂದ ಬಂದ ಪಾಮ್ ಎಂಬ ಕೈಗಣಕಗಳು ಕೀಬೋರ್ಡೇ ಇಲ್ಲದೆ, ಚಿಕ್ಕದಾಗಿ, ಕಡಿಮೆ ಬೆಲೆಗೆ ಜಾಗ ಹಿಡಿದಿದ್ದವು. ಫೋನು ಕೂಡಿಸಿದ ಮುಂದಿನ ಯಂತ್ರವನ್ನು ಮೋಟೊರೋಲಾ ಜೊತೆ ಮಾಡುವ ಯೋಜನೆ 2001ರ ಆರಂಭದಲ್ಲಿ ಮುರಿಯಿತು, ಅದೇ ವರ್ಷದ ಜುಲೈನಲ್ಲಿ ಸೈಯಾನ್ ಗ್ರಾಹಕರ ಕೈಗಣಕಗಳಿಂದ ಹಿಂದೆ ಸರಿಯಿತು. 2000ದಲ್ಲಿ ಕೊಂಡಿದ್ದ ಕೆನಡಾದ ಟೆಕ್‌ಲಾಜಿಕ್ಸ್ ಜೊತೆ ಗೋದಾಮು, ಕಾರ್ಖಾನೆಗಳ ಯಂತ್ರ ಮಾಡುತ್ತಾ ಉಳಿದು, 2004ರಲ್ಲಿ ಸಿಂಬಿಯಾನ್‌ನ ಪಾಲು ಮಾರಿತು. 2012ರಲ್ಲಿ ಮೋಟೊರೋಲಾ ಸೊಲ್ಯೂಷನ್ಸ್ ಕಂಪನಿಯನ್ನೇ ಕೊಂಡಿತು. ನನ್ನ ಎಣಿಕೆಯಲ್ಲಿ ದೊಡ್ಡ ಇಕ್ಕಟ್ಟು ಇದು: ಸಾಫ್ಟ್‌ವೇರನ್ನು ಎಲ್ಲರಿಗೂ ಕೊಡುವ ಕಂಪನಿಯಲ್ಲಿ ಪಾಲುದಾರನಾಗಿ, ಅದೇ ಸಾಫ್ಟ್‌ವೇರಿನ ಮೇಲೆ ಸ್ವಂತ ಯಂತ್ರ ಮಾರಿ ನೋಕಿಯಾ ಗಾತ್ರದವರ ಎದುರು ನಿಲ್ಲಲು ಅದರ ಕೈಯಲ್ಲಿ ಅಷ್ಟು ಬಂಡವಾಳ ಇರಲಿಲ್ಲ.

ಹಳೆಯ ಯಂತ್ರ ಕೈಗೆ ಸಿಕ್ಕರೆ

ಈಗಲೂ ಸಂಗ್ರಹಕಾರರ ಬಳಿ ಸೀರೀಸ್ 3ಎ, 5ಎಂಎಕ್ಸ್ ಓಡುತ್ತಿವೆ. ಕೊಳ್ಳುವವರು ಮೊದಲು ಬಿಜಾಗರಿ ನೋಡಬೇಕು. ಸೀರೀಸ್ 3ರ ಸಾಲಿನಲ್ಲಿ ಲೋಹದ ಸಲಾಕೆ ಪ್ಲಾಸ್ಟಿಕ್ಕಿನ ಅಂಚಿನ ಮೇಲೆ ತಿರುಗುತ್ತಾ ಕಾಲಕ್ರಮೇಣ ಅಂಚನ್ನು ಸೀಳುತ್ತದೆ. ಸೀಳಿದ ಮೇಲೆ ಭಾರವೆಲ್ಲ ಪರದೆಯ ಪಟ್ಟಿ ಕೇಬಲ್ಲಿನ ಮೇಲೆ. ಸಣ್ಣ ಬಿರುಕು ಕಂಡಾಗಲೇ ಎಪಾಕ್ಸಿ ಅಂಟಿನಿಂದ ಬಿಗಿ ಮಾಡಿದರೆ ಉಳಿಯುತ್ತದೆ. 3ಸಿಯ ರಬ್ಬರಿನಂಥ ಹೊರಲೇಪ ವರ್ಷಗಳಲ್ಲಿ ಜಿಗುಟಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಒದ್ದೆ ಮಾಡಿದ ಬಟ್ಟೆಯಿಂದ ತಾಳ್ಮೆಯಿಂದ ಒರೆಸಿದರೆ ಹೋಗುತ್ತದೆ, ಪರದೆಗೂ ಅಕ್ಷರ ಮುದ್ರಿಸಿದ ಜಾಗಕ್ಕೂ ತಾಗಿಸಬಾರದು.

ಸೀರೀಸ್ 5ರಲ್ಲಿ ಆ ಸುಂದರ ಬಿಜಾಗರಿಯೇ ಕೇಬಲ್ಲಿನ ಶತ್ರು. ಪ್ರತಿ ಸಲ ತೆರೆದು ಮುಚ್ಚುವಾಗಲೂ ಪಟ್ಟಿ ಕೇಬಲ್ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ, ಒಂದೇ ಮಡಿಕೆಯಲ್ಲಿ ಸಾವಿರಾರು ಸಲ ಬಾಗಿದ ತಾಮ್ರದ ಎಳೆ ಬಿರುಕು ಬಿಡುತ್ತದೆ. ಪರದೆಯ ಮೇಲೆ ಗೆರೆಗಳು ಬಂದರೆ ಮುಚ್ಚಳದ ಕೋನ ನಿಧಾನವಾಗಿ ಬದಲಿಸಿ ನೋಡಿ. ಗೆರೆ ಬಂದು ಹೋಗುತ್ತಿದ್ದರೆ ಕೇಬಲ್ಲು, ಬದಲಿಸಬಹುದು. ಯಾವ ಕೋನದಲ್ಲೂ ಅಲುಗದೆ ನಿಂತಿದ್ದರೆ ಪರದೆಯ ಗಾಜಿನ ಜೋಡಣೆಯೇ ಹೋಗಿರುವ ಸಂಭವ ಹೆಚ್ಚು, ಆಗ ಬೇರೆ ಪರದೆಯೇ ಬೇಕು.

ಸೆಲ್ ಗೂಡಿನಲ್ಲಿ ಬಿಳಿ ಪುಡಿ ಇದ್ದರೆ ಅದು ಸೋರಿದ ಆಲ್ಕಲೈನ್ ಸೆಲ್ಲಿನ ಕ್ಷಾರ. ಹತ್ತಿ ಸುತ್ತಿದ ಕಡ್ಡಿಗೆ ವಿನೆಗರ್ ಅಥವಾ ನಿಂಬೆರಸ ಹನಿಸಿ ಒರೆಸಿ, ಆಮೇಲೆ ನೀರಿನ ಪಸೆ, ಕೊನೆಗೆ ಆಲ್ಕೊಹಾಲ್. ಪೂರ್ತಿ ಒಣಗಿದ ಮೇಲಷ್ಟೇ ಸೆಲ್ ಹಾಕಬೇಕು.

ಸೆಲ್ ಬದಲಿಸುವ ನಿಯಮ ಒಂದೇ: ಪೆನ್ಸಿಲ್ ಸೆಲ್ಲು, ಗುಂಡು ಸೆಲ್ಲು ಎರಡನ್ನೂ ಒಟ್ಟಿಗೆ ಹೊರತೆಗೆಯಬಾರದು. ಮೊದಲು ಬೇಕಾದ ಫೈಲುಗಳನ್ನು ಕಾರ್ಡಿಗೆ ನಕಲು ಮಾಡಿ. ಗುಂಡು ಸೆಲ್ಲಿನ ಸ್ಥಿತಿಯನ್ನು ಯಂತ್ರದ ಬ್ಯಾಟರಿ ಮಾಹಿತಿಯಲ್ಲಿ ನೋಡಿ. ಅದು ವೀಕ್ ಆಗಿದ್ದರೆ ಪೆನ್ಸಿಲ್ ಸೆಲ್ಲಿನಲ್ಲಿ ಇನ್ನೂ ಜೀವ ಇರುವಾಗಲೇ ಗುಂಡು ಸೆಲ್ ಬದಲಿಸಿ. ಆಮೇಲೆ ಯಂತ್ರ ಆಫ್ ಮಾಡಿ ಪೆನ್ಸಿಲ್ ಸೆಲ್ಲುಗಳನ್ನು ಜೋಡಿಯಾಗಿಯೇ, ಒಂದೇ ಕಂಪನಿಯವನ್ನೇ ಹಾಕಿ. ಚಾರ್ಜ್ ಮಾಡುವ ನಿಕಲ್ ಸೆಲ್ ಬಳಸಬಹುದು, ಆದರೆ ಎಚ್ಚರ ಬೇಕು. ಆಲ್ಕಲೈನ್ ಸೆಲ್ಲಿನ ವೋಲ್ಟೇಜು 1.5ರಿಂದ ಇಳಿಜಾರಿನಂತೆ ನಿಧಾನವಾಗಿ ಇಳಿಯುತ್ತದೆ, ನಿಕಲ್ಲಿನದು 1.2ರಲ್ಲಿ ಬಹಳ ಹೊತ್ತು ನಿಂತು ಒಮ್ಮೆಲೇ ಕುಸಿಯುತ್ತದೆ. ಯಂತ್ರ ಎಚ್ಚರಿಕೆ ಕೊಡುವ ಹೊತ್ತಿಗೆ ಸಮಯ ಉಳಿದಿರುವುದಿಲ್ಲ.

ರೆವೊದ ಕಥೆ ಬೇರೆ. ಅದರಲ್ಲಿ ಎರಡು ಚಿಕ್ಕ ನಿಕಲ್ ಸೆಲ್ ಒಳಗೇ ಕೂತಿವೆ, ಗುಂಡು ಸೆಲ್ಲೇ ಇಲ್ಲ. ಡ್ರಾಯರಿನಲ್ಲಿ ಕೆಲವು ತಿಂಗಳು ಮರೆತರೆ ಎಲ್ಲ ಫೈಲೂ ಹೋಗುತ್ತದೆ, ತೀರಾ ಇಳಿದ ಸೆಲ್ಲು ಚಾರ್ಜನ್ನೂ ಹಿಡಿಯುವುದಿಲ್ಲ. ಬಿಚ್ಚಿ ಎರಡನ್ನೂ ಒಂದೇ ಸಾಮರ್ಥ್ಯದ ಹೊಸ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಿಗೆ ಬದಲಿಸಬೇಕು. ಅಲ್ಲಿ ಆಲ್ಕಲೈನ್ ಸೆಲ್ ಹಾಕಿದರೆ ಚಾರ್ಜರು ಅದನ್ನೂ ಚಾರ್ಜ್ ಮಾಡಲು ಹೋಗಿ ಸೆಲ್ ಸೋರುತ್ತದೆ. ನೆಟ್‌ಬುಕ್ ಕೊಳ್ಳುವವರು ಕಾರ್ಯಾಚರಣಾ ವ್ಯವಸ್ಥೆ ಇರುವ ಕಾರ್ಡು ಜೊತೆಗಿದೆಯೇ ಎಂದು ಕೇಳಲೇಬೇಕು. ಅದರ ರಾಮ್‌ನಲ್ಲಿ ವ್ಯವಸ್ಥೆ ಇರುವುದಿಲ್ಲ, ಕಾರ್ಡಿನಿಂದ ರ್‍ಯಾಮಿಗೆ ಇಳಿಯುತ್ತದೆ. ಬ್ಯಾಟರಿ ಪೂರ್ತಿ ಬಿದ್ದುಹೋದರೆ ಆ ಕಾರ್ಡಿಲ್ಲದೆ ಏಳದು.

ಸೀರೀಸ್ 5ರಿಂದ ಹಳೆಯ ಬರಹ ಹೊರತರಲು ಕೇಬಲ್ಲಿನ ಗೊಡವೆ ಬೇಡ. ವರ್ಡ್ ಪ್ರೋಗ್ರಾಮಿನ ಫೈಲನ್ನು ಹಾಗೇ ನಕಲು ಮಾಡಿದರೆ ಇಂದಿನ ಗಣಕಕ್ಕೆ ಅದನ್ನು ಓದಲು ಬರುವುದಿಲ್ಲ. ಯಂತ್ರದಲ್ಲೇ ಅದನ್ನು ಬರಿಯ ಪಠ್ಯದ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಡಿ ಡ್ರೈವಿಗೆ ಹಾಕಿ, ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡನ್ನು ಕಾರ್ಡ್ ರೀಡರಿಗೆ ಸಿಕ್ಕಿಸಿ. ಕಾರ್ಡು ಚಿಕ್ಕ ಸಾಮರ್ಥ್ಯದ್ದಾದಷ್ಟೂ ಒಳ್ಳೆಯದು. ತೆಗೆಯುವ ಮುನ್ನ ಗೂಡಿನ ಬಾಗಿಲು ತೆರೆದು, ಬರೆಯುವುದು ಮುಗಿದಿದೆಯೇ ನೋಡಿಕೊಂಡು, ಆಮೇಲೆ ಕಾರ್ಡು ಎಳೆಯಿರಿ.